ಪ್ರೈರಿ ಶೈಲಿಯ ಮನೆ: ಗುರುತು ಹಿಡಿಯೋದು ಹೇಗೆ?

ಪ್ರೈರಿ ಎಂದರೆ ಫ್ರೆಂಚಿನಲ್ಲಿ ಹುಲ್ಲುಗಾವಲು. ಅಮೆರಿಕದ ನಡುಭಾಗದಲ್ಲಿ, ಇಲಿನಾಯ್, ಅಯೋವಾ ಕಡೆ, ಕಣ್ಣು ಹಾಯುವಷ್ಟು ದೂರ ಚಾಪೆ ಹಾಸಿದಂತಿರುವ ಬಯಲಿಗೆ ಈ ಹೆಸರು ನಿಂತಿತು. ಸುಮಾರು 1900ರಿಂದ 1920ರವರೆಗೆ ಅಲ್ಲಿನ ಕೆಲವು ವಾಸ್ತುಶಿಲ್ಪಿಗಳು ಆ ಬಯಲಿಗೆ ಒಪ್ಪುವಂಥ ಮನೆ ಕಟ್ಟಲು ಹೊರಟರು. ಇವರಲ್ಲಿ ದೊಡ್ಡ ಹೆಸರು ಫ್ರಾಂಕ್ ಲಾಯ್ಡ್ ರೈಟ್. ತಮಾಷೆ ಏನಂದರೆ, ಇವರ ಹೆಚ್ಚಿನ ಮನೆಗಳಿರುವುದು ಹುಲ್ಲುಗಾವಲಿನಲ್ಲಲ್ಲ. ಷಿಕಾಗೋ ಪಕ್ಕದ ಓಕ್ ಪಾರ್ಕ್‌ನಂಥ ಬಡಾವಣೆಗಳಲ್ಲಿ, ಸಣ್ಣ ಊರುಗಳ ಮರಗಳಿರುವ ಬೀದಿಗಳಲ್ಲಿ.

ಗುರುತು ಹಿಡಿಯಲು ಮೊದಲು ಒಂದನ್ನೇ ನೋಡಿ: ಮನೆ ನಿಂತಿದೆಯೋ, ಮಲಗಿದೆಯೋ? ಅದಕ್ಕೂ ಹಿಂದಿನ ವಿಕ್ಟೋರಿಯನ್ ಮನೆ ಚೂಪು ಮಾಡು, ಗೋಪುರ ಎಂದು ಮೇಲಕ್ಕೆ ಏರುತ್ತದೆ. ಪ್ರೈರಿ ಮನೆ ಅಡ್ಡಡ್ಡ ಚಾಚಿಕೊಳ್ಳುತ್ತದೆ. ಚಾವಣಿಯ ಇಳಿಜಾರು ಕಡಿಮೆ. ಸೂರು ಗೋಡೆಯನ್ನು ದಾಟಿ ಬಹಳ ಮುಂದೆ ಬಂದು ಕೆಳಗೆ ದಟ್ಟ ನೆರಳು ಬೀಳಿಸುತ್ತದೆ. ಕಿಟಕಿಗಳು ಒಂಟಿಯಾಗಿರದೆ ಸಾಲಾಗಿ ಪಟ್ಟಿಯಂತೆ ಓಡುತ್ತವೆ. ಗಾಜಿನಲ್ಲಿ ಹೆಚ್ಚಾಗಿ ಸರಳ ರೇಖೆಗಳ ಚಿತ್ತಾರ. ನಡುವೆ ಒಂದು ಅಗಲವಾದ, ಗಿಡ್ಡ ಚಿಮಣಿ. ಮುಂಬಾಗಿಲು ಮಾತ್ರ ಬೇಗ ಸಿಗುವುದಿಲ್ಲ, ಎಲ್ಲೋ ಪಕ್ಕದಲ್ಲಿ ಅಡಗಿರುತ್ತದೆ.

ಅಡ್ಡಗೆರೆಯ ಹುಚ್ಚು ಎಷ್ಟಿತ್ತು ಅಂದರೆ, 1910ರಲ್ಲಿ ಮುಗಿದ, ಷಿಕಾಗೋದಲ್ಲಿ ರೈಟ್ ಕಟ್ಟಿಸಿದ ರೋಬಿ ಹೌಸ್ ಎಂಬ ಮನೆಯ ಇಟ್ಟಿಗೆ ನೋಡಿ. ಇಟ್ಟಿಗೆಯೇ ಉದ್ದ, ತೆಳು. ಅಡ್ಡ ಸಂದುಗಳ ಗಾರೆಗೆ ತಿಳಿ ಬಣ್ಣ, ಮೇಲಿಂದ ಕೆಳಗಿಳಿಯುವ ಲಂಬ ಸಂದುಗಳ ಗಾರೆಗೆ ಇಟ್ಟಿಗೆಯದೇ ಬಣ್ಣ. ದೂರದಿಂದ ನೋಡಿದರೆ ಲಂಬ ಸಂದು ಮಾಯ, ಗೋಡೆಯೇ ಪಟ್ಟೆಪಟ್ಟೆ!

ಸಣ್ಣ ಊರಲ್ಲಿ ಇಂಥ ದುಬಾರಿ ಕೆಲಸ ಅಪರೂಪ. ಅಲ್ಲಿ ಗೊಂದಲ ಆಗುವುದು ಫೋರ್‌ಸ್ಕ್ವೇರ್ ಎಂಬ ಮನೆಯ ಜೊತೆ. ಅದೂ ಅದೇ ಕಾಲದ್ದು. ಚೌಕಾಕಾರದ ಎರಡಂತಸ್ತಿನ ಡಬ್ಬಿ, ಮುಂದೆ ಉದ್ದದ ವರಾಂಡ, ಚಾವಣಿ ಮೇಲೆ ಎದ್ದು ನಿಂತ ಸಣ್ಣ ಕಿಟಕಿಗೂಡು. ಎಷ್ಟೋ ಮೇಸ್ತ್ರಿಗಳು ಇದಕ್ಕೇ ಅಗಲ ಸೂರು, ದಪ್ಪ ಚೌಕ ಕಂಬ ಸೇರಿಸಿಬಿಟ್ಟರು. ಆಗ ಅದು ಪ್ರೈರಿಯೋ ಅಲ್ಲವೋ? ನನ್ನ ಮಟ್ಟಿಗೆ, ಅಲಂಕಾರ ತೆಗೆದರೂ ಮನೆ ಅಡ್ಡವಾಗಿಯೇ ಕಂಡರೆ ಪ್ರೈರಿ. ಇಲ್ಲದಿದ್ದರೆ ಸುಮ್ನೆ ಪ್ರೈರಿಯ ವೇಷ.

ಇದನ್ನು ಪರೀಕ್ಷಿಸಲು ಅಯೋವಾದ ಮೇಸನ್ ಸಿಟಿ ಒಳ್ಳೆಯ ಜಾಗ. ಊರು ಸಣ್ಣದು, ಆದರೆ ಪ್ರೈರಿ ಮನೆಗಳು ಜಾಸ್ತಿ. ಒಂದು ತೊರೆಯ ಎರಡೂ ದಡದಲ್ಲಿರುವ ರಾಕ್ ಕ್ರೆಸ್ಟ್–ರಾಕ್ ಗ್ಲೆನ್ ಬಡಾವಣೆಯನ್ನು 1912ರಲ್ಲಿ ಯೋಜಿಸಿದ್ದು ವಾಸ್ತುಶಿಲ್ಪಿ ವಾಲ್ಟರ್ ಬರ್ಲಿ ಗ್ರಿಫಿನ್. ಅದೇ ವರ್ಷ ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್ಬೆರಾದ ನಕ್ಷೆಯ ಸ್ಪರ್ಧೆ ಗೆದ್ದವರೂ ಇವರೇ. ಕೊನೆಗೆ ಕೆಲಸಕ್ಕೆಂದು ಭಾರತಕ್ಕೆ ಬಂದು, 1937ರಲ್ಲಿ ಲಖನೌದಲ್ಲಿ ತೀರಿಕೊಂಡರು. ಬಂಡೆಯಂಚಿನಲ್ಲಿ ಒರಟು ಸುಣ್ಣಕಲ್ಲಿನಿಂದ ಅವರು ಕಟ್ಟಿಸಿದ ಒಂದು ಮನೆಗೆ ಇಳಿಜಾರು ಚಾವಣಿಯೇ ಇಲ್ಲ. ಆದರೂ ಅದು ಪ್ರೈರಿ. ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಹೋದವರು ಇಲ್ಲಿ ಸೋಲುತ್ತಾರೆ.

ಇನ್ನೂ ಒಳ್ಳೆಯ ಪರೀಕ್ಷೆ ಅದೇ ಊರಿನ ಸ್ಟಾಕ್‌ಮನ್ ಹೌಸ್. ಒಬ್ಬ ಡಾಕ್ಟರಿಗಾಗಿ ರೈಟ್ 1908ರಲ್ಲಿ ಕಟ್ಟಿಸಿದ್ದು. ಹಿಂದಿನ ವರ್ಷವಷ್ಟೇ ಅವರು ಒಂದು ಮಹಿಳಾ ಪತ್ರಿಕೆಯಲ್ಲಿ 5000 ಡಾಲರಿನ ಕಾಂಕ್ರೀಟ್ ಮನೆಯ ನಕ್ಷೆ ಪ್ರಕಟಿಸಿದ್ದರು. ಇದೂ ಹೆಚ್ಚುಕಡಿಮೆ ಅದೇ, ಆದರೆ ಮರದ ಚೌಕಟ್ಟು, ಗಾರೆ ಗೋಡೆ. ಮೊದಲ ನೋಟಕ್ಕೆ ಫೋರ್‌ಸ್ಕ್ವೇರ್ ಥರದ್ದೇ ಡಬ್ಬಿ. ಆದರೆ ಗಾರೆಯ ಮೇಲೆ ಓಡುವ ಕಪ್ಪು ಮರದ ಪಟ್ಟಿಗಳು ಕಣ್ಣನ್ನು ಪಕ್ಕಕ್ಕೆ ಎಳೆಯುತ್ತವೆ. ಬೀದಿಯಲ್ಲಿ ನಿಂತು ಬಾಗಿಲು ಎಲ್ಲಿ ಅಂತ ಹುಡುಕಲು ಶುರು ಮಾಡಿದಿರಾ? ಹಾಗಾದರೆ ಉತ್ತರ ಸಿಕ್ಕಿತು ಅಲ್ವಾ.