ಬರೋಕ್ ಕನ್ಚೆರ್ಟೊ ಕೇಳುವಾಗ ಯಾವುದರ ಜಾಡು ಹಿಡಿಯಬೇಕು?

ಓದುಗರ ಪ್ರಶ್ನೆ: ಪಾಶ್ಚಾತ್ಯ ಸಂಗೀತ ಕಲಿಯುತ್ತಿದ್ದೇನೆ. ಬರೋಕ್ ಕಾಲದ ಪಿಟೀಲು ಕನ್ಚೆರ್ಟೊ ಒಂದನ್ನು ಕೇಳಿಸಿ, ಅದರ ಲಕ್ಷಣ ಬರೆಯಿರಿ ಅಂತಾರೆ. ಕೇಳೋಕೆ ಚೆನ್ನಾಗಿರುತ್ತೆ, ಬರೆಯೋಕೆ ಕೂತರೆ ಕೈ ಓಡಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಬರೋಕ್ ಅಂದರೆ ಯುರೋಪಿನ ಸಂಗೀತದಲ್ಲಿ ಸುಮಾರು 1600ರಿಂದ 1750ರವರೆಗಿನ ಕಾಲ. ಕನ್ಚೆರ್ಟೊ ಅಂದರೆ ಒಂಟಿ ವಾದ್ಯವೂ ವಾದ್ಯವೃಂದವೂ ಸೇರಿ ನುಡಿಸುವ ಕೃತಿ. ಅದರಲ್ಲಿ ಯಾವುದು ಮತ್ತೆ ಮತ್ತೆ ಬರುತ್ತದೆ ಅಂತ ಹುಡುಕುವುದರಿಂದ ಶುರು ಮಾಡಿ. ಉಳಿದ ಲಕ್ಷಣಗಳು ಅದರ ಬೆನ್ನಿಗೇ ಸಿಗುತ್ತಾ ಹೋಗುತ್ತವೆ.

ನೀವು ಎಲ್ಲೋ ಒಂದು ಕಡೆ ಕೇಳಿಯೇ ಇರುವ ಕೃತಿಯನ್ನು ತೆಗೆದುಕೊಳ್ಳೋಣ. ಆಂಟೋನಿಯೊ ವಿವಾಲ್ಡಿಯ ‘ವಸಂತ’. ನಾಲ್ಕು ಋತುಗಳ ಕನ್ಚೆರ್ಟೊಗಳಲ್ಲಿ ಇದು ಮೊದಲನೆಯದು. 1725ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ವಿವಾಲ್ಡಿ ವೆನಿಸ್ ಊರಿನವನು. ಪಾದ್ರಿಯೂ ಹೌದು, ಪಿಟೀಲು ವಾದಕನೂ ಹೌದು. 1703ರಿಂದ ಅಲ್ಲಿನ ಪಿಯೆತಾ ಅನಾಥಾಲಯದ ಹುಡುಗಿಯರಿಗೆ ಪಿಟೀಲು ಕಲಿಸಿದವನು. ಕೃತಿಯಲ್ಲಿ ಮೂರು ಭಾಗ: ವೇಗ, ನಿಧಾನ, ಮತ್ತೆ ವೇಗ. ಬರೋಕ್ ಕನ್ಚೆರ್ಟೊಗಳಲ್ಲಿ ಜಾಸ್ತಿ ಕಾಣುವ ಜೋಡಣೆ ಇದೇ.

ಮೊದಲ ಭಾಗ ಹಾಕಿ. ಮೂರೂವರೆ ನಿಮಿಷದ ಆಸುಪಾಸು ಇರುತ್ತದೆ. ಕೈಯಲ್ಲಿ ಪೆನ್ಸಿಲ್ ಇರಲಿ.

ಎಲ್ಲ ವಾದ್ಯಗಳೂ ಒಟ್ಟಿಗೆ ಒಂದು ಖುಷಿಯ ಸಾಲು ನುಡಿಸುತ್ತವೆ. ಜೋರಾಗಿ ಒಂದು ಸಲ, ಅದನ್ನೇ ಮೆತ್ತಗೆ ಇನ್ನೊಂದು ಸಲ. ಆಮೇಲೆ ಎರಡನೆಯ ಸಾಲು. ಅದೂ ಹಾಗೇ, ಜೋರು, ಮೆತ್ತಗೆ. ದನಿ ಇಲ್ಲಿ ನಿಧಾನವಾಗಿ ಇಳಿಯುವುದಿಲ್ಲ, ಒಮ್ಮೆಲೇ ಇಳಿಯುತ್ತದೆ, ಬೆಟ್ಟದಿಂದ ಪ್ರತಿಧ್ವನಿ ಬಂದ ಹಾಗೆ. ಇದೇ ನಿಮ್ಮ ಮೊದಲ ಲಕ್ಷಣ, ಬರೆದುಕೊಳ್ಳಿ.

ಈಗ ಆ ಎರಡನೆಯ ಸಾಲನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಮುಂದೆ ಅದು ಕೇಳಿದಾಗೆಲ್ಲ ಕಾಗದದ ಮೇಲೆ ಒಂದು ಗೀಟು ಹಾಕಿ. ಹೀಗೆ ಪೂರ್ತಿಯಾಗಿಯೋ ತುಣುಕಾಗಿಯೋ ಮರಳಿ ಬರುವ ಆರಂಭದ ಸಾಲುಗಳಿಗೆ ರಿಟೊರ್ನೆಲ್ಲೊ ಅಂತ ಹೆಸರು. ಇಟಾಲಿಯನ್ ಮಾತು, ಮರಳುವುದು ಅಂತಲೇ ಅರ್ಥ. ನಮ್ಮವರಿಗೆ ಇದು ಬೇಗ ಹಿಡಿಸುತ್ತದೆ, ಪಲ್ಲವಿಗೆ ಮರಳುವುದನ್ನು ಕೇಳುತ್ತಲೇ ಬೆಳೆದವರು ನಾವು, ಅಲ್ವಾ.

ಒಂದು ಗೀಟಿಗೂ ಇನ್ನೊಂದಕ್ಕೂ ನಡುವೆ ಏನಾಗುತ್ತದೆ? ವಸಂತದ ನೋಟಗಳನ್ನು ವಾದ್ಯಗಳೇ ಅನುಕರಿಸುತ್ತವೆ. ಮೊದಲು ಹಕ್ಕಿಗಳು ಬರುತ್ತವೆ. ಪರೀಕ್ಷೆಯಲ್ಲಿ ಹಲವರು ‘ಹಕ್ಕಿಗಳ ದನಿ ಕೇಳುತ್ತದೆ’ ಅಂತ ಬರೆದು ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಅಲ್ಲಿ ನಿಲ್ಲಬೇಡಿ. ಹೇಗೆ ಕೇಳುತ್ತದೆ ಅನ್ನುವುದೇ ಉತ್ತರ. ಇಲ್ಲಿ ಕೆಳಗಿನ ದನಿಯ ವಾದ್ಯಗಳೆಲ್ಲ ಸುಮ್ಮನಾಗುತ್ತವೆ. ಮೂರೇ ಪಿಟೀಲು ಉಳಿಯುತ್ತವೆ, ಮೇಲಿನ ಸ್ವರಗಳಲ್ಲಿ, ಒಂದರ ಕಂಪಿತಕ್ಕೆ ಇನ್ನೊಂದು ಉತ್ತರ ಕೊಡುತ್ತಾ. ತಳವೇ ಇಲ್ಲದ ಕಾರಣ ಸಂಗೀತ ಗಾಳಿಯಲ್ಲಿ ತೇಲುತ್ತದೆ.

ಗೀಟು. ಆಮೇಲೆ ತೊರೆಗಳು: ಪಿಟೀಲುಗಳಲ್ಲಿ ಮೆತ್ತಗೆ ಸುಳಿದಾಡುವ ಸ್ವರಗಳು. ಮತ್ತೆ ಗೀಟು. ಆಮೇಲೆ ಗುಡುಗು ಮಿಂಚು: ವಾದ್ಯವೃಂದ ಒಂದೇ ಸ್ವರವನ್ನು ಗಡಗಡ ಬಾರಿಸುತ್ತದೆ, ಸರ್ರನೆ ಮೇಲೇರುತ್ತದೆ, ಒಂಟಿ ಪಿಟೀಲು ನಡುನಡುವೆ ಮಿಂಚಿನಂತೆ ಓಡುತ್ತದೆ. ಮತ್ತೆ ಗೀಟು.

ಈ ಮೂರನೆಯ ಗೀಟಿನ ಹತ್ತಿರ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮೊದಲನೆಯದನ್ನು ಕೇಳಿ, ಮತ್ತೆ ಇದನ್ನು ಕೇಳಿ. ಸಾಲು ಅದೇ, ಲಯ ಅದೇ. ಆದರೆ ಮುಖ ಬಾಡಿದೆ. ಪಲ್ಲವಿಗೂ ರಿಟೊರ್ನೆಲ್ಲೊಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ನಮ್ಮಲ್ಲಿ ಷಡ್ಜ ಅಲ್ಲಾಡುವುದಿಲ್ಲ, ತಂಬೂರಿ ಅದನ್ನು ಹಿಡಿದೇ ಇರುತ್ತದೆ. ಇಲ್ಲಿ ಸಾಲು ಪ್ರತಿ ಸಲ ಬೇರೆ ನೆಲದ ಮೇಲೆ ಬಂದು ಇಳಿಯಬಹುದು. ಕೃತಿ ಶುರುವಾಗುವುದು ಇ ಮೇಜರ್‌ನಲ್ಲಿ. ಆ ಇ ಸ್ವರವನ್ನೇ ಸ ಅಂದುಕೊಳ್ಳಿ, ಮೇಜರ್ ಅಂದರೆ ನಮ್ಮ ಶಂಕರಾಭರಣದ ಸ್ವರಗಳೇ. ಹಕ್ಕಿಗಳ ನಂತರ ಸಾಲು ಅಲ್ಲೇ ಬರುತ್ತದೆ. ತೊರೆಗಳ ನಂತರ ಬಿ ಮೇಜರ್‌ನಲ್ಲಿ, ಅಂದರೆ ಪಂಚಮವೇ ಹೊಸ ಷಡ್ಜ. ಸುಮ್ನೆ ಪಂಚಮದಿಂದ ಹಾಡಿದರೆ ಶಂಕರಾಭರಣ ಹರಿಕಾಂಭೋಜಿಯಾಗುತ್ತದೆ, ನಿಮಗೆ ಗೊತ್ತು. ಹಾಗಾಗದಿರಲಿ ಅಂತ ಇಲ್ಲಿ ಹಳೆಯ ಷಡ್ಜದ ಲೆಕ್ಕದ ಮಧ್ಯಮವನ್ನು ಅರ್ಧ ಸ್ವರ ಏರಿಸುತ್ತಾರೆ. ಬಿರುಮಳೆಯ ನಂತರ ಸಿ ಶಾರ್ಪ್ ಮೈನರ್, ಅಂದರೆ ಧೈವತವೇ ಷಡ್ಜ. ಶಂಕರಾಭರಣದ ಗ್ರಹಭೇದದಲ್ಲಿ, ಅಂದರೆ ಸ್ವರಗಳನ್ನು ಹಾಗೇ ಇಟ್ಟು ಷಡ್ಜ ಮಾತ್ರ ಬದಲಿಸಿದಾಗ, ನಟಭೈರವಿ ಸಿಗುವ ಜಾಗ ಇದು. ಹಾಗಂತ ಇದು ರಾಗವಲ್ಲ. ಕೆಳಗೆ ಬಾಸ್ ಸಾಲೂ ಅದರ ಮೇಲಿನ ಸ್ವರಗುಚ್ಛಗಳೂ ಜೊತೆಯಲ್ಲೇ ಸ್ಥಳ ಬದಲಿಸಿರುತ್ತವೆ. ಆಮೇಲೆ ಹಕ್ಕಿಗಳು ಒಂದೊಂದಾಗಿ ಮತ್ತೆ ಕೂಗುತ್ತವೆ, ಸಂಗೀತ ಇ ಮೇಜರ್‌ಗೆ, ಮನೆಗೆ, ಬರುತ್ತದೆ.

ಬಾಸ್ ಅಂದೆ. ಚೆಲ್ಲೊ, ಅದಕ್ಕಿಂತ ದೊಡ್ಡ ತಂತಿವಾದ್ಯ, ಜೊತೆಗೆ ಹಾರ್ಪ್ಸಿಕಾರ್ಡ್ ಎಂಬ ಹಳೆಯ ಕೀಲಿಮಣೆ ವಾದ್ಯ, ಇವು ಸೇರಿದ ತಳದ ಸಾಲಿಗೆ ಬಾಸೊ ಕಂಟಿನ್ಯುಯೊ ಅನ್ನುತ್ತಾರೆ. ಹಾರ್ಪ್ಸಿಕಾರ್ಡ್ ನುಡಿಸುವವರ ಮುಂದೆ ಬಾಸ್ ಸಾಲು ಮತ್ತು ಕೆಲವು ಅಂಕಿಗಳು ಮಾತ್ರ ಇರುತ್ತವೆ. ಉಳಿದದ್ದನ್ನು ಅವರೇ ಆಗಿಂದಾಗ ತುಂಬಿಕೊಳ್ಳಬೇಕು. ಒಳ್ಳೆಯ ರೆಕಾರ್ಡಿಂಗ್‌ನಲ್ಲಿ ಆ ಚಿಣಿಚಿಣಿ ದನಿ ಸ್ಪಷ್ಟವಾಗಿ ಕೇಳುತ್ತದೆ.

ಈ ಬಾಸ್ ಎಷ್ಟು ಮುಖ್ಯ ಅಂತ ಎರಡನೆಯ ಭಾಗ ತೋರಿಸುತ್ತದೆ, ಅದನ್ನು ಪೂರ್ತಿ ತೆಗೆದುಹಾಕುವ ಮೂಲಕ. ಮೇಕೆ ಮೇಯಿಸುವವನು ಮಲಗಿದ್ದಾನೆ: ಒಂಟಿ ಪಿಟೀಲಿನ ಉದ್ದನೆಯ ಸಾಲು. ಎಲೆಗಳ ಸರಸರ: ಉಳಿದ ಪಿಟೀಲುಗಳು. ನಾಯಿ ಬೊಗಳುತ್ತದೆ: ವಿಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ), ಬರೀ ಎರಡೆರಡು ಸ್ವರ. ಅದನ್ನು ಯಾವಾಗಲೂ ತುಂಬ ಜೋರಾಗಿ, ಕಿತ್ತ ಹಾಗೆ ನುಡಿಸಬೇಕು ಅಂತ ವಿವಾಲ್ಡಿಯೇ ಬರೆದಿದ್ದಾನೆ. ನನಗೆ ಇಡೀ ಕೃತಿಯಲ್ಲಿ ಅತಿ ಇಷ್ಟವಾದ ಜಾಗ ಇದು. ಮೂರು ಪದರ, ಮೂರು ಸ್ವಭಾವ, ಒಂದಕ್ಕೊಂದು ಅಡ್ಡ ಬರುವುದಿಲ್ಲ. ಮೂರನೆಯ ಭಾಗ ಹಳ್ಳಿಯ ಕುಣಿತ. ಕೆಳಗೆ ಎಳೆದು ನಿಲ್ಲಿಸಿದ ಸ್ವರಗಳು ಬ್ಯಾಗ್‌ಪೈಪಿನ ಅನುಕರಣೆ. ನಮ್ಮ ಕಿವಿಗೆ ಶ್ರುತಿಪೆಟ್ಟಿಗೆ ನೆನಪಾಗುತ್ತದೆ.

ಇನ್ನು ಬರೆಯುವುದು. ‘ಸಂಗೀತ ತುಂಬ ಭಾವಪೂರ್ಣವಾಗಿದೆ’ ಅನ್ನುವ ಬದಲು ಹೀಗೆ ಬರೆದು ನೋಡಿ: ‘ಬಿರುಮಳೆಯ ನಂತರ ವಾದ್ಯವೃಂದ ರಿಟೊರ್ನೆಲ್ಲೊದ ಎರಡನೆಯ ಸಾಲನ್ನು ಸಿ ಶಾರ್ಪ್ ಮೈನರ್‌ನಲ್ಲಿ ನುಡಿಸುತ್ತದೆ. ಲಯ ಬದಲಾಗದೆ, ಮೇಜರ್ ಮಾತ್ರ ಮೈನರ್ ಆಗಿರುವುದರಿಂದ ಸಾಲಿನ ಗುರುತು ಸಿಗುತ್ತದೆ, ಖುಷಿ ಮಾತ್ರ ಇರುವುದಿಲ್ಲ.’ ಎಲ್ಲಿ, ಯಾರು, ಏನು, ಅದರಿಂದ ಏನಾಯಿತು, ನಾಲ್ಕೂ ಇದರಲ್ಲಿ ಬಂತು.

ಇದು ಕೈಗೆ ಬಂದ ಮೇಲೆ ಅದೇ ಕಾಲದ ಜರ್ಮನ್ ಸಂಗೀತ ರಚನಕಾರ ಬಾಖ್‌ನ ಡಿ ಮೈನರ್ ಜೋಡಿ ಪಿಟೀಲು ಕನ್ಚೆರ್ಟೊ ಕೇಳಿ. ಅಲ್ಲಿ ಎಲ್ಲರೂ ಒಟ್ಟಿಗೆ ಶುರು ಮಾಡುವುದಿಲ್ಲ. ಎರಡನೆಯ ಪಿಟೀಲು ಮೊದಲು ಸಾಲು ಎತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮೊದಲ ಪಿಟೀಲು ಅದೇ ಸಾಲನ್ನು ಬೇರೆ ಎತ್ತರದಲ್ಲಿ ಹಿಡಿಯುತ್ತದೆ. ಅಲ್ಲಿ ಗೀಟು ಹಾಕುವುದು ಇಷ್ಟು ಸುಲಭವಿಲ್ಲ. ಎರಡು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಿ.