ಅದು ಮಂಡಿ ಅಲ್ಲ, ಹಿಮ್ಮಡಿ

ಗೇಮ್ ಮಾಡುವವರು, ಕಿರುಚಿತ್ರ ತೆಗೆಯುವವರು ಹಾಸನದಲ್ಲಿರುವ ನನಗೆ ಫೋನ್ ಮಾಡಿ ಕಂಪ್ಯೂಟರಿನಲ್ಲಿ ಒಂದು 3ಡಿ ಪ್ರಾಣಿ ಕೆತ್ತಿಕೊಡಿ ಅನ್ನುತ್ತಾರೆ. ಭೂಮಿ ಮೇಲೆ ಎಲ್ಲೂ ಇರಬಾರದು, ನೋಡಿದರೆ ಎದೆ ಝಲ್ ಅನ್ನಬೇಕು. ಕೊಂಬು ಎಷ್ಟು, ಕಣ್ಣಿನ ಬಣ್ಣ ಏನು, ಚಿಪ್ಪು ಹಾವಿನದಾ ಮೀನಿನದಾ, ಎಲ್ಲ ಬರೆದು ಕಳಿಸುತ್ತಾರೆ. ಕೊನೆಯಲ್ಲಿ ಈ ಸಾಲು ಇದ್ದೇ ಇರುತ್ತದೆ: ‘ಹಿಂಗಾಲಿನ ಮಂಡಿ ಹಿಂದಕ್ಕೆ ಮಡಚಿರಲಿ ಸರ್, ನಾಯಿ ಥರ.’

ನಾಯಿಯ ಮಂಡಿ ಹಿಂದಕ್ಕೆ ಮಡಚುವುದಿಲ್ಲ. ದನದ್ದೂ ಇಲ್ಲ, ಕುದುರೆಯದ್ದೂ ಇಲ್ಲ, ಕೋಳಿಯದ್ದೂ ಇಲ್ಲ. ದನ ನೋಡದೆ ಬೆಳೆದವರು ನಮ್ಮ ಕಡೆ ಎಷ್ಟು ಜನ ಇದ್ದಾರೆ ಹೇಳಿ? ಆದರೂ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಹಿಂದಕ್ಕೆ ಚೂಪಾಗಿ ಚಾಚಿಕೊಂಡಿರುವ ಆ ಕೀಲು ಹಿಮ್ಮಡಿ. ಅನುಮಾನ ಇದ್ದರೆ ಈಗಲೇ ಎದ್ದು ತುದಿಗಾಲಲ್ಲಿ ನಿಲ್ಲಿ. ಮಂಡಿ ಸ್ವಲ್ಪ ಬಗ್ಗಿಸಿ. ಹಿಮ್ಮಡಿ ನೆಲ ಬಿಟ್ಟು ಮೇಲೆ ಬಂತಲ್ವಾ? ನಾಯಿಯ ಹಿಂಗಾಲು ಅದೇ. ಪಾದದ ಎಲುಬು ಉದ್ದ, ಅಷ್ಟೇ ವ್ಯತ್ಯಾಸ. ನಾಯಿ, ಬೆಕ್ಕು ಬೆರಳ ಮೇಲೆ ನಡೆಯುತ್ತವೆ. ದನ ಎರಡು ಬೆರಳಿನ ಉಗುರ ಮೇಲೆ, ಕುದುರೆ ಒಂದೇ ಬೆರಳಿನ ಉಗುರ ಮೇಲೆ. ನಾವು, ಕರಡಿ, ಹಿಮ್ಮಡಿ ಊರಿ ನಡೆಯುವ ಜಾತಿ. ನಾಯಿ ಕುಕ್ಕರಿಸಿದಾಗ ನೋಡಿ, ಅದರ ಹಿಮ್ಮಡಿಯೂ ನೆಲಕ್ಕೆ ಬರುತ್ತದೆ.

ಹಾಗಾದರೆ ಮಂಡಿ ಎಲ್ಲಿ? ಹಸುವಿನ ಪಕ್ಕ ನಿಂತು ನೋಡಿ. ಹಿಂಗಾಲು ಹೊಟ್ಟೆಗೆ ಸೇರುವ ಕಡೆ, ಕೆಚ್ಚಲಿನ ಮುಂದುಗಡೆ ಚರ್ಮ ಮಡಿಕೆ ಬಿದ್ದಿರುತ್ತದೆ. ಮಂಡಿ ಇರುವುದು ಅಲ್ಲಿ. ನಮ್ಮ ಮಂಡಿ ಥರ ಮುಂದಕ್ಕೇ ಮುಖ ಮಾಡಿಕೊಂಡಿದೆ. ಕೋಳಿಯದ್ದು ಪುಕ್ಕದೊಳಗೆ ಮುಚ್ಚಿಹೋಗಿದೆ. ಲೆಗ್ ಪೀಸ್ ತೊಡೆಗೆ ಸೇರುವ ಕೀಲು ಇದೆಯಲ್ಲ, ಅದು ಮಂಡಿ. ಮುಂಗಾಲಿನದೂ ಇದೇ ಕಥೆ. ದನ ಮಲಗುವಾಗ ನೆಲಕ್ಕೆ ಊರುವುದು ಮಂಡಿ ಅಲ್ಲ, ಮಣಿಕಟ್ಟು.

‘ಏಲಿಯನ್ ಅಲ್ವಾ ಸರ್, ಹೆಂಗಿದ್ರೂ ನಡೆಯುತ್ತೆ’ ಅನ್ನುತ್ತಾರೆ. ನಡೆಯುವುದಿಲ್ಲ ಅನ್ನುವುದೇ ನನ್ನ ತಕರಾರು. ಹಿಮ್ಮಡಿಯನ್ನೇ ಮಂಡಿ ಅಂದುಕೊಂಡವರು ನಿಜವಾದ ಮಂಡಿಯನ್ನು ಮರೆತುಬಿಡುತ್ತಾರೆ. ತೊಡೆ, ಕಣಕಾಲು, ಪಾದ ಅಂತ ಮೂರು ತುಂಡು ಇರಬೇಕಾದ ಕಾಲಿನಲ್ಲಿ ಎರಡೇ ಉಳಿಯುತ್ತವೆ. ಮಾಡೆಲ್ ರಿಗ್ಗಿಂಗ್‌ಗೆ, ಅಂದರೆ ಅದು ಅಲುಗಾಡುವ ಹಾಗೆ ಒಳಗೆ ಎಲುಬು ಕೀಲು ಜೋಡಿಸುವ ಕೆಲಸಕ್ಕೆ, ಹೋದಾಗ ಅಲ್ಲಿಯವರು ಕೀಲು ಕೂರಿಸಲು ನೋಡುತ್ತಾರೆ. ಕಾಲು ಎತ್ತಿದರೆ ಮಡಚಲು ಜಾಗವೇ ಇಲ್ಲ. ಸೊಂಟದಿಂದ ಮತ್ತೆ ಕೆತ್ತಬೇಕು. ಅಷ್ಟು ಹೊತ್ತಿಗೆ ಮೈತುಂಬ ಚಿಪ್ಪು ಕೂರಿಸಿ ಆಗಿರುತ್ತದೆ. ಆ ಚಿಪ್ಪಿನ ಕೆಲಸವೆಲ್ಲ ಹೋಯಿತು.

ಕೆತ್ತುವ ಸಾಫ್ಟ್‌ವೇರ್ ಝಡ್‌ಬ್ರಶ್ ಇರಲಿ, ಬ್ಲೆಂಡರ್ ಇರಲಿ, ನಾನು ಶುರು ಮಾಡುವುದು ಬರೀ ಗುಂಡುಗಳಿಂದ. ಸೊಂಟಕ್ಕೊಂದು, ಮಂಡಿಗೊಂದು, ಹಿಮ್ಮಡಿಗೊಂದು, ಬೆರಳಿಗೊಂದು. ಪ್ರಾಣಿ ಸುಮ್ನೆ ನಿಂತಾಗ ತೊಡೆಯೂ ಪಾದದ ಉದ್ದ ಎಲುಬೂ ಹೆಚ್ಚುಕಮ್ಮಿ ಒಂದೇ ಓರೆಯಲ್ಲಿ ಇರುತ್ತವೆ. ಅದು ಸರಿ ಬಂತಾ ಅಂತ ಮಾಡೆಲ್‌ಗೆ ಪೂರ್ತಿ ಕಪ್ಪು ಬಣ್ಣ ಕೊಟ್ಟು ಆಕಾರ ಮಾತ್ರ ನೋಡುತ್ತೇನೆ. ಭಾರ ಹೊತ್ತು ನಿಂತ ಹಾಗೆ ಕಾಣುವವರೆಗೆ ಚಿಪ್ಪಿನ ಬ್ರಶ್ ಮುಟ್ಟುವುದಿಲ್ಲ. ನನ್ನ ಗ್ರಾಹಕರಿಗೆ ಇದೇ ಬೇಜಾರು. ವಾರ ಆದರೂ ಮಣ್ಣಿನ ಮುದ್ದೆ ಥರ ಇದೆಯಲ್ಲ ಸರ್ ಅಂತ ಶುರು ಮಾಡುತ್ತಾರೆ.

ಬೇಲೂರಿನ ಕುಸುರಿ ತೋರಿಸಿ ನನ್ನ ಜೊತೆ ವಾದ ಮಾಡುವವರೂ ಇದ್ದಾರೆ. ಕುಸುರಿ ಚಂದ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಚೆನ್ನಕೇಶವ ದೇವಸ್ಥಾನದಲ್ಲಿ ಇನ್ನೊಂದು ಕೆತ್ತನೆ ಇದೆ, ನೋಡಿದ್ದೀರಾ? ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿರುತ್ತದೆ. ಇರುವ ಪ್ರಾಣಿ ನಾಲ್ಕು ದಾಟಿದ ಮೇಲೆ ಇಲ್ಲದ ಪ್ರಾಣಿ ಎರಡು. ಹಳೇಬೀಡಿಗೆ ಹೋದರೆ ಕೆಳಗಿನ ಸಾಲಿನ ಆನೆಗಳ ಹಿಂಗಾಲನ್ನು ಒಂದಷ್ಟು ಹೊತ್ತು ನೋಡಿ. ಆನೆಯ ಕಾಲು ಕಂಬದ ಹಾಗೆ ನೇರ, ಪಾದ ಗಿಡ್ಡ. ಹಾಗಾಗಿ ಅದರ ಮಂಡಿ ನಮ್ಮದರ ಥರ ಕೆಳಗೇ ಕಾಣುತ್ತದೆ. ದೊಡ್ಡ, ಭಾರದ ರಾಕ್ಷಸ ಬೇಕು ಅನ್ನುವವರಿಗೆ ನಾಯಿ ಕಾಲಿಗಿಂತ ಈ ಕಾಲು ಎಷ್ಟೋ ವಾಸಿ.

ನಾನು ಪಶುವೈದ್ಯ ಅಲ್ಲ, ಕೆಲಸಕ್ಕೆ ಬೇಕಾದಷ್ಟು ಎಲುಬು ಮಾತ್ರ ಗೊತ್ತು. ಮಂಡಿ ನಿಜವಾಗಿಯೂ ಹಿಂದಕ್ಕೆ ಮಡಚುವ ಪ್ರಾಣಿಯೇ ಬೇಕು ಅಂದರೆ ಮಾಡಲಾಗದು ಅಂತಲ್ಲ. ಸೊಂಟ, ಸ್ನಾಯು, ನಡಿಗೆ ಎಲ್ಲ ಹೊಸದಾಗಿ ಯೋಚಿಸಬೇಕು. ಸಮಯ ಜಾಸ್ತಿ, ದುಡ್ಡೂ ಜಾಸ್ತಿ. ಒಪ್ಪಿಕೊಳ್ಳುವ ಮೊದಲು ನಿಮ್ಮ ಅನಿಮೇಟರನ್ನು ಒಂದು ಮಾತು ಕೇಳಿ.

ಈಚೆಗೆ ನಾನು ಫೋಟೊ ಕೇಳುವುದು ಬಿಟ್ಟಿದ್ದೇನೆ, ವಿಡಿಯೊ ಕೇಳುತ್ತೇನೆ. ಅಜ್ಜಂಪುರದ ಕಡೆಯ ಒಬ್ಬ ಹುಡುಗ ಗೇಮ್ ಮಾಡುತ್ತಿದ್ದಾನೆ. ಅಮೃತಮಹಲ್ ದನದ ಸೀಮೆಯವನು, ಆದರೂ ಅದೇ ಮಂಡಿ ಕಥೆ ತಂದಿದ್ದ. ಕೊಟ್ಟಿಗೆಗೆ ಹೋಗಿ ಹಸು ಏಳುವುದನ್ನು ತೆಗೆದು ಕಳಿಸು ಅಂದೆ. ಕಳಿಸಿದ. ಹಸು ಮೊದಲು ಹಿಂಭಾಗ ಎತ್ತುತ್ತದಲ್ಲ, ಆ ಕ್ಷಣದಲ್ಲಿ ಮಂಡಿ, ಹಿಮ್ಮಡಿ ಎರಡೂ ಒಟ್ಟಿಗೆ ಬಿಚ್ಚಿಕೊಳ್ಳುವುದು ಚೆನ್ನಾಗಿ ಬಂದಿತ್ತು. ಹಿಂದೆ ಅವನ ಅಜ್ಜಿಯ ದನಿ: ‘ಅದೇನ್ಲಾ, ಹಸು ಹಿಂದೆ ಫೋನ್ ಹಿಡ್ಕೊಂಡು ನಿಂತಿದ್ದೀಯ? ಒದ್ರೆ ಗೊತ್ತಾಗ್ತದೆ.’

ಆ ವಿಡಿಯೊ ಇಟ್ಟುಕೊಂಡು ಹಿಂಗಾಲು ಮುಗಿಸಿದೆವು. ಈಗ ಅವನಿಗೆ ನಾಲ್ಕು ಕಾಲಿನ ಜೊತೆ ಎರಡು ರೆಕ್ಕೆ ಬೇಕಂತೆ, ಬಾವಲಿಯದ್ದು. ಬಾವಲಿಯ ರೆಕ್ಕೆ ಅಂದರೆ ಅದರ ಕೈ ಕಣಪ್ಪಾ, ಹಾಗಾದರೆ ನಿನ್ನ ಪ್ರಾಣಿಗೆ ಭುಜ ಎಷ್ಟು ಜೊತೆ ಅಂತ ಕೇಳಿದೆ. ಅಜ್ಜಿ ಕರೀತಿದ್ದಾರೆ ಸರ್ ಅಂತ ಫೋನ್ ಇಟ್ಟ.