ದಿಕ್ಸೂಚಿ ಇಲ್ಲದೆ ಇಂಕಾಗಳು ಸೂರ್ಯನನ್ನು ಹಿಡಿದದ್ದು ಹೇಗೆ?

ಪ್ರಶ್ನೆ: ಪೆರುವಿನಲ್ಲಿ ಹಿಂದಿನ ಇಂಕಾ ಜನರ ಊರಾದ ಮಾಚು ಪಿಚುವಿನಲ್ಲಿ ವರ್ಷದ ಒಂದು ನಿರ್ದಿಷ್ಟ ದಿನ ಬಿಸಿಲು ಕಿಟಕಿಯೊಳಗೆ ಕರಾರುವಾಕ್ಕಾಗಿ ಬೀಳುತ್ತದಂತೆ. ಯಾವ ಉಪಕರಣವೂ ಇಲ್ಲದೆ ಇಂಕಾಗಳು ಇದನ್ನು ಹೇಗೆ ಲೆಕ್ಕ ಹಾಕಿದರು?

ಉತ್ತರ: ಲೆಕ್ಕಕ್ಕಿಂತ ಹೆಚ್ಚಾಗಿ ಅವರು ಕಾದು ನೋಡಿದರು. ಅದಕ್ಕೆ ಬೇಕಾದದ್ದು ನಿಲ್ಲಲು ಒಂದು ಖಾಯಂ ಜಾಗ, ಎದುರಿಗೊಂದು ಬೆಟ್ಟಸಾಲು. ಆಂಡೀಸ್‌ನಲ್ಲಿ ಬೆಟ್ಟಕ್ಕೇನು ಬರ! ಒಂದೇ ಕಡೆ ನಿಂತು ದಿನವೂ ನೋಡಿದರೆ ಸೂರ್ಯ ಹುಟ್ಟುವ ಜಾಗ ಸಾಲಿನುದ್ದಕ್ಕೂ ಸರಿಯುತ್ತಾ ಹೋಗುತ್ತದೆ. ಜೂನ್ 21ರ ಸುಮಾರಿಗೆ ಉತ್ತರದ ತುದಿ ಮುಟ್ಟಿ, ಕೆಲವು ದಿನ ಅಲ್ಲೇ ನಿಂತಂತೆ ಕಂಡು, ಹಿಂದಿರುಗುತ್ತದೆ. ಡಿಸೆಂಬರ್ 21ರ ಸುಮಾರಿಗೆ ದಕ್ಷಿಣದ ತುದಿ. ಅಯನ ಸಂಕ್ರಾಂತಿಗಳೆಂದರೆ ಇವೇ. (ನಮ್ಮ ಮಕರ ಸಂಕ್ರಾಂತಿ ಈಗ ಇದಕ್ಕಿಂತ ಮೂರು ವಾರಕ್ಕೂ ಹೆಚ್ಚು ತಡವಾಗಿ ಬರುತ್ತದೆ, ಅದು ಬೇರೆಯೇ ಕಥೆ.)

ಆ ತುದಿಗಳಿಗೆ ಗುರುತಾಗಿ ಇಂಕಾಗಳು ಗುಡ್ಡದ ನೆತ್ತಿಯಲ್ಲಿ ಕಲ್ಲಿನ ಕಂಬ ಕಟ್ಟುತ್ತಿದ್ದರು. ರಾಜಧಾನಿ ಕುಸ್ಕೋ ಸುತ್ತ ಇಂಥವು ಇದ್ದವೆಂದು ಸ್ಪೇನ್ ಆಳ್ವಿಕೆಯ ಕಾಲದವರು ಬರೆದಿದ್ದಾರೆ, ಈಗ ಕಾಣಸಿಗುವುದಿಲ್ಲ. ಆದರೆ ಉರುಬಂಬಾ ಊರಿನ ಮೇಲಿನ ಬೆಟ್ಟದಲ್ಲಿ ಎರಡು ಇನ್ನೂ ನಿಂತಿವೆ. ಕೆಳಗೆ ದೊರೆ ಹುಯಾನಾ ಕಾಪಾಕ್‌ನ ಅರಮನೆಯ ಅಂಗಳದಿಂದ ನೋಡಿದರೆ ಜೂನ್ ಸಂಕ್ರಾಂತಿಯ ಸೂರ್ಯ ಏಳುವುದು ಅಲ್ಲಿಂದಲೇ. ಟಿಟಿಕಾಕಾ ಸರೋವರದ ಸೂರ್ಯ ದ್ವೀಪದಲ್ಲೂ ಇಂಥ ಜೋಡಿ ಕಂಬಗಳ ಬುನಾದಿ ಸಿಕ್ಕಿದೆ. ಅಲ್ಲಿ ನೋಡುತ್ತಿದ್ದದ್ದು ಸೂರ್ಯಾಸ್ತವನ್ನು.

ಇನ್ನು ನೀವು ಕೇಳಿದ ಕಿಟಕಿ. ಮಾಚು ಪಿಚುವಿನ ಸೂರ್ಯ ದೇವಾಲಯದಲ್ಲಿ ಬಂಡೆಯನ್ನು ಒಡೆದು ತೆಗೆದಿಲ್ಲ, ಅದನ್ನೇ ಒಳಗಿಟ್ಟುಕೊಂಡು ಸುತ್ತ ಬಾಗಿದ ಗೋಡೆ ಎಬ್ಬಿಸಿದ್ದಾರೆ. ಬಂಡೆಯ ಮೇಲೆ ನೇರವಾಗಿ ಕಡಿದ ಒಂದು ಅಂಚಿದೆ. ಜೂನ್ ಸಂಕ್ರಾಂತಿಯ ಬೆಳಿಗ್ಗೆ ಕಿಟಕಿಯಿಂದ ಬಂದ ಬಿಸಿಲು ಆ ಅಂಚಿಗೆ ಸಮಾನಾಂತರವಾಗಿ ಬೀಳುತ್ತದೆ. ಕಿಟಕಿಯೊಂದೇ ಆ ದಿಕ್ಕಿಗಿದ್ದರೆ ಕಾಕತಾಳೀಯ ಎನ್ನಬಹುದಿತ್ತು, ಕಡಿದ ಕಲ್ಲೂ ಅದೇ ದಿಕ್ಕನ್ನೇ ಹಿಡಿದಿರುವುದರಿಂದ ಹಾಗೆನ್ನುವುದು ಕಷ್ಟ. ಅಲ್ಲೇ ಇರುವ ಇಂತಿಮಾಚಾಯ್ ಎಂಬ ಪುಟ್ಟ ಗುಹೆಯದು ಡಿಸೆಂಬರ್ ಸರದಿ: ಆಗಿನ ಸೂರ್ಯೋದಯದ ಬೆಳಕು ಸುರಂಗದಂಥ ಕಿಟಕಿಯಲ್ಲಿ ನುಗ್ಗಿ ಹಿಂಗೋಡೆಗೆ ತಾಗುತ್ತದೆ.

ಪೆರು ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಜೂನ್ ಎಂದರೆ ಅಲ್ಲಿ ಚಳಿಗಾಲ, ಹಗಲು ಅತಿ ಚಿಕ್ಕದು. ಸೂರ್ಯ ಮತ್ತೆ ಇತ್ತ ತಿರುಗುವ ಹೊತ್ತಿಗೇ ಇಂತಿ ರಾಯ್ಮಿ ಎಂಬ ಸೂರ್ಯನ ಹಬ್ಬ. 1944ರಲ್ಲಿ ಮತ್ತೆ ಶುರುವಾದ ಅದನ್ನು ಕುಸ್ಕೋದಲ್ಲಿ ಈಗ ಜೂನ್ 24ರಂದು ಆಚರಿಸುತ್ತಾರೆ.

ಹಾಗಂತ ಗೈಡ್‌ಗಳು ಹೇಳುವುದನ್ನೆಲ್ಲ ನಂಬಬೇಡಿ. ನೂರಾರು ಕಿಟಕಿಗಳಿರುವ ಊರಲ್ಲಿ ಯಾವುದೋ ಒಂದು ಯಾವುದೋ ದಿನದ ಸೂರ್ಯನಿಗೆ ಎದುರಾಗಿಯೇ ಇರುತ್ತದೆ. ಮಾಚು ಪಿಚುವಿನ ಪ್ರಸಿದ್ಧ ಇಂತಿಹುವಾತಾನಾ ಕಲ್ಲನ್ನು ನೆರಳು ಗಡಿಯಾರ ಎನ್ನುತ್ತಾರೆ, ಆದರೆ ಹೊತ್ತು ತೋರಿಸುವ ಒಂದು ಗೆರೆಯೂ ಅದರ ಮೇಲಿಲ್ಲ.